‘ಮೊಣಕಾಲು ಬಗ್ಗಿಸು’ ಅಂದರೇನು?

ಕಲಿಸುವವರ ಬಾಯಲ್ಲಿ ಕೆಲವು ಮಾತುಗಳು ಸದಾ ಸಿದ್ಧವಾಗಿರುತ್ತವೆ. ಬಾವಿಯಲ್ಲಿ ಈಜು ಕಲಿಸುವ ಮಾವ ‘ಮೈ ಸಡಿಲ ಬಿಡು’ ಎನ್ನುತ್ತಾನೆ. ಸೈಕಲ್ ಕಲಿಸುವ ಅಣ್ಣ ‘ಮುಂದೆ ನೋಡು, ಚಕ್ರ ನೋಡಬೇಡ’ ಎಂದು ಕೂಗುತ್ತಾನೆ. ಸಂಗೀತದ ಮೇಷ್ಟ್ರು ‘ಶ್ರುತಿಗೆ ಸೇರಿಸು’ ಎನ್ನುತ್ತಾರೆ. ಶಾಲೆಯಲ್ಲಿ ‘ಅರ್ಥ ಮಾಡಿಕೊಂಡು ಓದು’, ಮನೆಯಲ್ಲಿ ‘ಮನಸ್ಸಿಟ್ಟು ಓದು’. ಹೇಳುವವರಿಗೆ ಇವಕ್ಕಿಂತ ಸ್ಪಷ್ಟವಾದ ಮಾತು ಬೇರೆ ಇಲ್ಲ. ಆದರೆ ಕೇಳುವವರ ಸ್ಥಿತಿ ಏನು? ಮೈ ಸಡಿಲ ಬಿಡುವುದೆಂದರೇನೆಂದು ಗೊತ್ತಿರುವುದು ಈಜು ಬಂದವನಿಗೆ. ನೀರಿಗೆ ಹೆದರಿ ಬಾವಿಯ ಮೆಟ್ಟಿಲನ್ನು ಗಟ್ಟಿಯಾಗಿ ಹಿಡಿದುಕೊಂಡವನಿಗೆ ಆ ಮಾತು ಕಿವಿಗೆ ಬೀಳುತ್ತದೆ, ಮೈಗೆ ಇಳಿಯುವುದಿಲ್ಲ.

ಹೇಳುವ ಮಾತಿಗೂ ಮಾಡುವ ಮೈಗೂ ನಡುವೆ ಇರುವ ಈ ಕಂದಕವನ್ನು ನಾನು ತೀರ ಹತ್ತಿರದಿಂದ ನೋಡಿದ್ದು ದೂರದ ಹಿಮಾಲಯದಲ್ಲಿ, ಮಂಜಿನ ಮೇಲೆ ಜಾರುವ ಸ್ಕೀಯಿಂಗ್ ಕಲಿಯಲು ಹೋದಾಗ. ಅದು 2020ರ ಫೆಬ್ರುವರಿ. ಪದವಿಯ ಎರಡನೇ ವರ್ಷದಲ್ಲಿದ್ದ ಮಗಳಿಗೆ ಉತ್ತರಾಖಂಡದ ಔಲಿಯಲ್ಲಿ ಏಳು ದಿನದ ಕೋರ್ಸು ಸೇರುವ ಆಸೆ. ಅವಳೊಬ್ಬಳನ್ನೇ ಅಷ್ಟು ದೂರ ಕಳಿಸಲು ಮನೆಯಲ್ಲಿ ಒಪ್ಪಲಿಲ್ಲ. ಜೊತೆಗೆ ಹೋದವಳು ಚಳಿಯಲ್ಲಿ ಸುಮ್ಮನೆ ಕೂರುವುದೇಕೆ ಎಂದು ನಲವತ್ತೇಳರ ನಾನೂ ಹೆಸರು ಕೊಟ್ಟೆ. ದಾವಣಗೆರೆಯ ಬಿಸಿಲಲ್ಲಿ ಬೆಳೆದ ನಮಗಿಬ್ಬರಿಗೂ ಅಲ್ಲಿಯವರೆಗೆ ಮಂಜುಗಡ್ಡೆಯೆಂದರೆ ಫ್ರಿಜ್ಜಿನೊಳಗಿನದು ಮಾತ್ರ.

ಹರಿದ್ವಾರದಿಂದ ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ ದಾಟಿ ಘಟ್ಟದ ರಸ್ತೆಯಲ್ಲಿ ಇಡೀ ದಿನ ಬಸ್ಸಿನ ಪ್ರಯಾಣ. ಸಂಜೆಗೆ ಜೋಶಿಮಠ. ನಮ್ಮ ಶೃಂಗೇರಿಯಂತೆಯೇ ಶಂಕರಾಚಾರ್ಯರ ಪರಂಪರೆಯ ನಾಲ್ಕು ಪೀಠಗಳಲ್ಲಿ ಒಂದು ಇರುವ ಊರು ಅದು. 2024ರಲ್ಲಿ ಆಡಳಿತದ ಕಾಗದಪತ್ರಗಳಲ್ಲಿ ಜ್ಯೋತಿರ್ಮಠವಾಯಿತು. ನಾವು ಹೋದಾಗ ಅಲ್ಲಿಂದ ಔಲಿಗೆ ಸುಮಾರು 4 ಕಿಲೋಮೀಟರ್ ಉದ್ದದ ರೋಪ್‌ವೇ ಓಡುತ್ತಿತ್ತು. 2023ರ ಜನವರಿಯಲ್ಲಿ ಆ ಊರಿನ ನೆಲ ಕುಸಿದು ಮನೆಗಳ ಗೋಡೆಗಳು ಬಿರುಕುಬಿಟ್ಟಾಗ ಅದನ್ನು ನಿಲ್ಲಿಸಿದರು. ಔಲಿಯ ಇಳಿಜಾರುಗಳು ಇರುವುದು ಸಮುದ್ರಮಟ್ಟದಿಂದ ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿ. ಎದುರಿಗೆ 7,816 ಮೀಟರ್ ಎತ್ತರದ ನಂದಾದೇವಿ. 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀಯಿಂಗ್ ನಡೆದದ್ದು ಇಲ್ಲಿಯೇ.

ಹೇಳಿದಂತೆ ಮಾಡಿದರೂ ಬೀಳುವುದು

ಮೊದಲ ದಿನ ಕಾಲಿಗೆ ಬೂಟು ಹಾಕಿಕೊಳ್ಳುವುದೇ ಒಂದು ಪಾಠ. ಇದು ನಾವು ಬಲ್ಲ ಬೂಟಲ್ಲ. ಮೊಣಕಾಲಿನ ಕೆಳಗಿನ ಅರ್ಧ ಕಾಲನ್ನು ನುಂಗುವ, ಬಗ್ಗದ ಪ್ಲಾಸ್ಟಿಕ್ಕಿನ ಚಿಪ್ಪು. ಅದರ ಮೂತಿ ಮತ್ತು ಹಿಮ್ಮಡಿ ಎರಡನ್ನೂ ಉದ್ದನೆಯ ಸ್ಕೀ ಪಟ್ಟಿಗೆ ‘ಟಪ್’ ಎಂದು ಸಿಕ್ಕಿಸುತ್ತಾರೆ. ಆಮೇಲೆ ನಿಮ್ಮ ಕಾಲು ನಿಮ್ಮದಲ್ಲ! ಅಡ್ಡಡ್ಡ ಹೆಜ್ಜೆಯಿಟ್ಟು ದಿಬ್ಬ ಹತ್ತುವುದು, ಬೇಕೆಂದೇ ಪಕ್ಕಕ್ಕೆ ಬೀಳುವುದು, ಬಿದ್ದಲ್ಲಿಂದ ಏಳುವುದು, ಇಷ್ಟರಲ್ಲಿ ದಿನ ಮುಗಿಯಿತು.

ಎರಡನೇ ದಿನ ‘ಸ್ನೋ ಪ್ಲೌ’. ಎರಡು ಸ್ಕೀಗಳ ಮೂತಿಗಳನ್ನು ಹತ್ತಿರ ತಂದು, ಬಾಲಗಳನ್ನು ದೂರ ತಳ್ಳಿ, ತ್ರಿಕೋನದ ಆಕಾರದಲ್ಲಿ ನಿಧಾನವಾಗಿ ಇಳಿಯುವ ಕ್ರಮ. ಸ್ಕೀಗಳ ಒಳ ಅಂಚುಗಳು ಮಂಜನ್ನು ಕೆರೆದು ವೇಗ ತಗ್ಗಿಸುತ್ತವೆ. ಹೊಸಬರ ಬ್ರೇಕೆಂದರೆ ಇದೇ. ನಮ್ಮ ತಂಡದಲ್ಲಿ ಹತ್ತು ಜನ. ಕಲಿಸುವವರು ಗಢವಾಲದ ಹಿರಿಯರೊಬ್ಬರು. ಎಲ್ಲರೂ ಅವರನ್ನು ‘ಉಸ್ತಾದ್’ ಎನ್ನುತ್ತಿದ್ದರು. ಮಾತು ಕಡಿಮೆ. ಮೂರು ಆಜ್ಞೆಗಳು ಮಾತ್ರ ಇಡೀ ದಿನ ಕೇಳಿಬರುತ್ತಿದ್ದವು. ‘ಘುಟನೇ ಮೋಡೋ’, ಎಂದರೆ ಮೊಣಕಾಲು ಬಗ್ಗಿಸು. ‘ಆಗೇ ಝುಕೋ’, ಮುಂದಕ್ಕೆ ಬಾಗು. ‘ನೀಚೇ ದೇಖೋ’, ಕೆಳಗೆ ನೋಡು.

ನನ್ನ ಮಗಳು ಹೇಳಿದ ಮಾತು ಮೀರುವವಳಲ್ಲ. ಶಾಲೆಯಲ್ಲಿ ಮೊದಲ ಬೆಂಚು, ಅಚ್ಚುಕಟ್ಟಾದ ನೋಟ್ಸು, ಒಳ್ಳೆಯ ಅಂಕ. ಮೊಣಕಾಲು ಬಗ್ಗಿಸು ಎಂದರೆ ಕುರ್ಚಿಯ ಮೇಲೆ ಕೂತಷ್ಟು ಬಗ್ಗಿಸಿದಳು. ಮುಂದಕ್ಕೆ ಬಾಗು ಎಂದರೆ ಸೊಂಟದಿಂದ ಬಾಗಿ ನಮಸ್ಕಾರದ ಭಂಗಿಗೆ ಬಂದಳು. ಕೆಳಗೆ ನೋಡು ಎಂದರೆ ಸ್ಕೀಗಳ ಮೂತಿಯನ್ನೇ ಎವೆಯಿಕ್ಕದೆ ನೋಡಿದಳು. ಮೂರನ್ನೂ ಒಟ್ಟಿಗೆ ಪಾಲಿಸಿ ಹೊರಟವಳು ಹತ್ತು ಮಾರು ಹೋಗುವಷ್ಟರಲ್ಲಿ ಸ್ಕೀಗಳು ಅವಳನ್ನು ಬಿಟ್ಟು ಮುಂದೆ ಓಡಿದಂತಾಗಿ ಬೆನ್ನಡಿಯಾಗಿ ಬಿದ್ದಳು. ಎದ್ದಳು, ಹತ್ತಿದಳು, ಮತ್ತೆ ಅದೇ. ಪ್ರತಿ ಸಲವೂ ಕೆಳಗಿನಿಂದ ಉಸ್ತಾದರ ಕೂಗು: ‘ಘುಟನೇ ಮೋಡೋ ಬೇಟಾ, ಘುಟನೇ!’ ಅವಳು ಇನ್ನೂ ಹೆಚ್ಚು ಬಗ್ಗಿಸುವಳು, ಇನ್ನೂ ಬೇಗ ಬೀಳುವಳು.

ನಮ್ಮ ತಂಡದಲ್ಲಿ ದೆಹಲಿಯ ಹುಡುಗನೊಬ್ಬನಿದ್ದ. ಉಸ್ತಾದರ ಮಾತಿಗೆ ಕಿವಿಯೇ ಕೊಡದವನು. ಚಿಕ್ಕಂದಿನಿಂದ ಚಕ್ರದ ಸ್ಕೇಟಿಂಗ್ ಆಡಿದವನಾದ್ದರಿಂದ ಎರಡನೇ ದಿನವೇ ಸಲೀಸಾಗಿ ಇಳಿಯುತ್ತಿದ್ದ. ಮಾತು ಕೇಳದವನಿಗೆ ಬರುತ್ತದೆ, ಕೇಳಿದವಳಿಗೆ ಬರುವುದಿಲ್ಲ. ಈ ಲೆಕ್ಕ ಅವಳಿಗೆ ಬಿಡಿಸಲಾಗಲಿಲ್ಲ. ಮೂರನೇ ರಾತ್ರಿ ರಗ್ಗು ಹೊದ್ದು ಗೋಡೆಯ ಕಡೆ ತಿರುಗಿ ಮಲಗಿದವಳು ಹೇಳಿದಳು: ‘ಅಮ್ಮಾ, ನಾಳೆ ನಾನು ಬರಲ್ಲ. ನೀನೊಬ್ಬಳೇ ಹೋಗು. ಅವರು ಹೇಳಿದ್ದನ್ನೆಲ್ಲ ಮಾಡ್ತಾ ಇದೀನಿ, ಆದ್ರೂ ಆಗ್ತಿಲ್ಲ ಅಂದ್ರೆ ನಾನೇ ದಡ್ಡಿ ಇರಬೇಕು.’

ಆ ಮಾತು ನನಗೆ ಚಳಿಗಿಂತ ಹೆಚ್ಚು ಚುಚ್ಚಿತು. ಸ್ಕೀಯಿಂಗ್ ಬಾರದಿದ್ದರೆ ದಾವಣಗೆರೆಯಲ್ಲಿ ಯಾರ ಸಂಸಾರವೂ ನಿಲ್ಲುವುದಿಲ್ಲ. ಆದರೆ ಹೇಳಿದ್ದನ್ನೆಲ್ಲ ನಿಷ್ಠೆಯಿಂದ ಮಾಡುವ ಮಗು, ಫಲ ಸಿಗದಾಗ ಮಾತನ್ನು ಅನುಮಾನಿಸುವುದಿಲ್ಲ, ತನ್ನನ್ನೇ ಅನುಮಾನಿಸುತ್ತದೆ. ಲೆಕ್ಕದಲ್ಲೋ ಇಂಗ್ಲಿಷಿನಲ್ಲೋ ಹಿಂದೆ ಬಿದ್ದ ಎಷ್ಟು ಮಕ್ಕಳು ಹೀಗೆ ತಮಗೆ ತಾವೇ ‘ದಡ್ಡ’ ಎಂಬ ಬಿರುದು ಕೊಟ್ಟುಕೊಂಡು ಪುಸ್ತಕ ಮುಚ್ಚಿಲ್ಲ!

ಅಜ್ಜಿಯ ಹದ

ಅವಳಿಗೆ ಸಮಾಧಾನ ಹೇಳಲು ನನಗೆ ನೆನಪಾದದ್ದು ನಮ್ಮಜ್ಜಿ ರೊಟ್ಟಿ ಕಲಿಸಿದ ರೀತಿ. ಜೋಳದ ಹಿಟ್ಟಿಗೆ ಕುದಿನೀರು ಹಾಕಿ ‘ಹದವಾಗಿ ನಾದು’ ಎನ್ನುತ್ತಿದ್ದಳು. ಎಷ್ಟು ನೀರು, ಎಷ್ಟು ಹೊತ್ತು, ಒಂದನ್ನೂ ಹೇಳುತ್ತಿರಲಿಲ್ಲ. ಹದ ಎಂದರೇನಜ್ಜಿ ಎಂದು ಕೇಳಿದರೆ ನನ್ನ ಕೈ ಹಿಡಿದು ಹಿಟ್ಟಿನೊಳಗೆ ಒತ್ತಿಸಿ, ‘ಇಲ್ನೋಡು, ಅಂಟಬಾರದು, ಬಿರಿಯಬಾರದು. ಹಂಗಾದಾಗ ಬೆರಳಿಗೇ ಗೊತ್ತಾಗ್ತೈತೆ’ ಎನ್ನುತ್ತಿದ್ದಳು. ಹದ ಎಂಬುದು ಮಾಡುವ ಕ್ರಮದ ಹೆಸರಲ್ಲ, ಸರಿಯಾಗಿ ಮಾಡಿದಾಗ ಸಿಗುವ ಅನುಭವದ ಹೆಸರು. ಅದನ್ನು ತಿಳಿಯಬೇಕಾದರೆ ಅದು ಎಲ್ಲಿ ಗೊತ್ತಾಗುತ್ತದೆ ಎಂದು ಕೇಳಬೇಕು. ಬೆರಳಿಗೋ, ಕಿವಿಗೋ, ಕಣ್ಣಿಗೋ?

‘ಉಸ್ತಾದರನ್ನೂ ಹಾಗೇ ಕೇಳು’ ಎಂದೆ. ಅವಳು ಉತ್ತರ ಕೊಡಲಿಲ್ಲ. ಬೆಳಿಗ್ಗೆ ಮಾತ್ರ ನನಗಿಂತ ಮೊದಲು ಬೂಟು ಹಾಕಿಕೊಂಡು ನಿಂತಿದ್ದಳು.

ದಿಬ್ಬದ ಬುಡದಲ್ಲಿ, ಇನ್ನೂ ಯಾರೂ ಹೊರಡುವ ಮುನ್ನ, ತನ್ನ ಕಾಲೇಜು ಹಿಂದಿಯಲ್ಲಿ ಕೇಳಿಯೇಬಿಟ್ಟಳು: ‘ಸರ್, ಮೊಣಕಾಲು ಬಗ್ಗಿಸುತ್ತಲೇ ಇದ್ದೇನೆ. ಸರಿಯಾಗಿ ಬಗ್ಗಿಸಿದರೆ ನನಗೆ ಎಲ್ಲಿ ಗೊತ್ತಾಗುತ್ತದೆ?’

ಉಸ್ತಾದರು ಒಂದು ಗಳಿಗೆ ಸುಮ್ಮನಿದ್ದರು. ಈ ಪ್ರಶ್ನೆಯನ್ನು ಅವರಿಗೆ ಹೆಚ್ಚು ಜನ ಕೇಳಿರಲಿಕ್ಕಿಲ್ಲ. ಆಮೇಲೆ ಕೈಗವಸು ಕಳಚಿ, ಮಂಜಿನ ಮೇಲೆ ಮೊಣಕಾಲೂರಿ ಕೂತು, ಅವಳ ಬೂಟಿನ ಮುಂಭಾಗದ ನಾಲಿಗೆಗೂ ಕಾಲಿನ ಮುಂಗೊಣೆಗೂ ನಡುವೆ ಎರಡು ಬೆರಳು ತೂರಿಸಿದರು. ಬೆರಳು ಸಲೀಸಾಗಿ ಒಳಗೆ ಹೋಯಿತು. ‘ಇಲ್ಲಿ’ ಎಂದರು. ‘ಇಲ್ಲಿ ನನ್ನ ಬೆರಳು ಹೋಗಬಾರದು. ಬೂಟಿನ ನಾಲಿಗೆಯನ್ನು ಕಾಲಿನಿಂದ ಒತ್ತು. ಘುಟನಾ ಭೂಲ್ ಜಾವೋ.’ ಮೊಣಕಾಲನ್ನು ಮರೆತುಬಿಡು!

ಅವಳು ಒತ್ತಿದಳು. ಬೆರಳು ಸಿಕ್ಕಿಕೊಂಡಿತು. ಉಸ್ತಾದರು ನಕ್ಕರು. ಮೊಣಕಾಲುಗಳೆರಡೂ ತಾವಾಗಿಯೇ, ಬೇಕಾದಷ್ಟೇ ಬಗ್ಗಿದ್ದವು. ಅಂದು ಮಧ್ಯಾಹ್ನದ ಹೊತ್ತಿಗೆ ಅವಳು ಬೀಳದೆ ಪೂರಾ ದಿಬ್ಬ ಇಳಿದಳು.

ಮಾತಿನ ಹಿಂದಿನ ಕಾರಣ

ಇದರಲ್ಲಿ ಮಾಯವೇನೂ ಇಲ್ಲ. ಮೇಲೆ ಹೇಳಿದ ಮೂರು ಆಜ್ಞೆಗಳ ಹಿಂದೆ ಇರುವುದು ಒಂದೇ ಸಂಗತಿ, ಮೈಭಾರ ಎಲ್ಲಿರಬೇಕು ಎಂಬುದು. ಬೂಟು ಸ್ಕೀಗೆ ಅಂಟಿಕೊಂಡಿರುವಾಗ ಹರಡು, ಅಂದರೆ ಪಾದದ ಕೀಲು, ಬಗ್ಗದೆ ಮೊಣಕಾಲು ಮಾತ್ರ ಬಗ್ಗಿದರೆ ಪೃಷ್ಠಭಾಗ ಹಿಮ್ಮಡಿಗಿಂತ ಹಿಂದಕ್ಕೆ ಹೋಗುತ್ತದೆ. ಭಾರವೆಲ್ಲ ಸ್ಕೀಯ ಬಾಲದ ಮೇಲೆ ಬಿದ್ದು ಮೂತಿ ಹಗುರವಾಗುತ್ತದೆ. ಹಗುರವಾದ ಮೂತಿ ಮಂಜನ್ನು ಕಚ್ಚುವುದಿಲ್ಲ. ತಿರುಗೆಂದರೆ ತಿರುಗುವುದಿಲ್ಲ, ನಿಲ್ಲೆಂದರೆ ನಿಲ್ಲುವುದಿಲ್ಲ. ಮುಂಗಾಲು ಬೂಟಿನ ನಾಲಿಗೆಗೆ ಒತ್ತಿದಾಗ ಭಾರ ಪಾದದ ನಡುವಿಗೆ ಬಂದು ಸ್ಕೀ ಕೈಗೆ ಸಿಕ್ಕ ಲಗಾಮಿನಂತಾಗುತ್ತದೆ. ‘ಆಗೇ ಝುಕೋ’ ಎಂದರೆ ಹೀಗೆ ಹರಡಿನಿಂದ ಬಾಗುವುದು, ಸೊಂಟದಿಂದ ಅಲ್ಲ. ‘ನೀಚೇ ದೇಖೋ’ ಎಂಬಲ್ಲಿನ ‘ನೀಚೇ’ ಕಾಲಬುಡವಲ್ಲ, ಇಳಿಜಾರಿನ ಕೆಳಗಿನ ದೂರದ ಕಣಿವೆ. ಬೆಟ್ಟದಲ್ಲಿ ಹುಟ್ಟಿದವರಿಗೆ ಕೆಳಗೆ ಎಂದರೆ ಕಣಿವೆ. ಬಯಲುಸೀಮೆಯ ನಮಗೆ ಕೆಳಗೆ ಎಂದರೆ ನೆಲ. ಒಂದೇ ಪದ, ಎರಡು ಲೋಕ.

ಇದಕ್ಕೆ ಭಯವೂ ಸೇರಿಕೊಳ್ಳುತ್ತದೆ. ಇಳಿಜಾರು ಕಂಡೊಡನೆ ಮೈ ತಾನಾಗಿ ಹಿಂದಕ್ಕೆ, ಗುಡ್ಡದ ಕಡೆಗೆ, ವಾಲುತ್ತದೆ. ನೆಲದ ಮೇಲೆ ನಡೆಯುವಾಗ ನಮ್ಮನ್ನು ಕಾಪಾಡುವ ಬುದ್ಧಿಯದು. ಸ್ಕೀಯ ಮೇಲೆ ಅದೇ ಬುದ್ಧಿ ಬೀಳಿಸುತ್ತದೆ. ಯಾವ ಕಡೆಗೆ ಹೋಗಲು ಹೆದರಿಕೆಯೋ ಆ ಕಡೆಗೇ ಮೈಯನ್ನು ಕೊಟ್ಟರೆ ಮಾತ್ರ ಹಿಡಿತ ಸಿಗುತ್ತದೆ ಎಂಬುದು ಈ ವಿದ್ಯೆಯ ವಿಚಿತ್ರ.

ತಿರುಗುವುದು ಇನ್ನೂ ತಮಾಷೆಯದು. ಎಡಕ್ಕೆ ತಿರುಗಬೇಕಾದರೆ ಬಲಗಾಲಿನ ಮೇಲೆ ಭಾರ ಹಾಕಬೇಕು. ಎಡಕ್ಕೆ ಹೋಗಲು ಎಡಕ್ಕೇ ವಾಲುವುದು ನಮ್ಮ ಅಭ್ಯಾಸ. ಆದರೆ ತ್ರಿಕೋನದಲ್ಲಿರುವ ಸ್ಕೀಗಳನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಬಲಗಾಲಿನ ಸ್ಕೀಯ ಮೂತಿ ಎಡಗಡೆಗೆ ಮುಖ ಮಾಡಿದೆ, ಎಡಗಾಲಿನದು ಬಲಗಡೆಗೆ. ಭಾರ ಬಿದ್ದ ಸ್ಕೀ ಗೆಲ್ಲುತ್ತದೆ, ತನ್ನ ಮುಖ ಇರುವ ಕಡೆಗೆ ನಿಮ್ಮನ್ನು ಒಯ್ಯುತ್ತದೆ. ಈ ಕಾರಣ ತಿಳಿದ ಮೇಲೆ ‘ಬಾಹರ್ ವಾಲಾ ಪೈರ್’, ಹೊರಗಿನ ಕಾಲು, ಎಂಬ ಉಸ್ತಾದರ ಮತ್ತೊಂದು ಕೂಗು ನಮಗೆ ಒಗಟಾಗಿ ಉಳಿಯಲಿಲ್ಲ.

ಹತ್ತು ಜನಕ್ಕೆ ಒಂದು ಮಾತು

ಹಾಗಾದರೆ ಉಸ್ತಾದರು ಮೊದಲೇ ಬೂಟಿನ ನಾಲಿಗೆಯ ವಿಷಯ ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ಅವರನ್ನು ದೂರುವುದು ನ್ಯಾಯವಲ್ಲ. ಅವರ ಮೈಯೊಳಗೆ ಮೊಣಕಾಲು, ಹರಡು, ಮುಂಗೊಣೆ ಎಲ್ಲವೂ ಸೇರಿ ಒಂದೇ ಚಲನೆಯಾಗಿ ಎಷ್ಟೋ ವರ್ಷಗಳಾಗಿವೆ. ಆ ಇಡೀ ಚಲನೆಗೆ ಅವರಿಟ್ಟುಕೊಂಡ ಹೆಸರು ‘ಘುಟನೇ ಮೋಡೋ’. ಬಲ್ಲವರಿಗೆ ಅದು ಇಡೀ ಪುಟದ ಸಾರಾಂಶ. ಪುಟವನ್ನೇ ಓದದವರಿಗೆ ಸಾರಾಂಶದಿಂದ ಏನು ಪ್ರಯೋಜನ?

ತರಗತಿ ಎಂಬ ವ್ಯವಸ್ಥೆಯೂ ಇದಕ್ಕೆ ಕಾರಣ. ಸ್ಕೀಯಿಂಗನ್ನು ಕ್ರಮಬದ್ಧವಾಗಿ ಕಲಿಸುವ ಪದ್ಧತಿ ರೂಪುಗೊಂಡದ್ದು ಆಸ್ಟ್ರಿಯಾದಲ್ಲಿ. ಲಿಲಿಯೆನ್‌ಫೆಲ್ಡ್‌ನಲ್ಲಿದ್ದ ಮಥಿಯಾಸ್ ಝಡಾರ್ಸ್ಕಿ ಎಂಬಾತ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಡಿದಾದ ಆಲ್ಪ್ಸ್ ಇಳಿಜಾರುಗಳಿಗೆ ಹೊಂದುವ ತಂತ್ರವನ್ನು ಪುಸ್ತಕವಾಗಿ ಬರೆದ. ಆಮೇಲೆ ಆರ್ಲ್‌ಬರ್ಗ್ ಸೀಮೆಯ ಹಾನ್ನೆಸ್ ಷ್ನೈಡರ್ ಸ್ನೋ ಪ್ಲೌನಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಒಯ್ಯುವ ಕ್ರಮವನ್ನು, ಕಲಿಯುವವರನ್ನು ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸುವ ಶಾಲೆಯನ್ನು ಬೆಳೆಸಿದ. ನಾಜಿಗಳು ಆಸ್ಟ್ರಿಯಾವನ್ನು ನುಂಗಿದ 1938ರಲ್ಲಿ ಆತ ಸೆರೆಯಾದ. ಮರುವರ್ಷ ಅಮೆರಿಕಕ್ಕೆ ಹೋಗಿ ಅಲ್ಲೂ ಕಲಿಸಿದ. ಇಂದು ಔಲಿಯ ದಿಬ್ಬದ ಮೇಲೆ ಹೊಸಬರು ತ್ರಿಕೋನ ಮಾಡುತ್ತ ಇಳಿಯುವುದರಲ್ಲಿ ಆ ಪರಂಪರೆಯ ನೆರಳಿದೆ. ಗುಂಪಿನಲ್ಲಿ ಕಲಿಸಿದ್ದರಿಂದ ಸಾವಿರಾರು ಜನಕ್ಕೆ ವಿದ್ಯೆ ದಕ್ಕಿತು. ಆದರೆ ಹತ್ತು ಜನಕ್ಕೆ ಹೇಳುವ ಒಂದು ಮಾತು ಸಾಮಾನ್ಯ ತಪ್ಪಿಗೆ ಮದ್ದಾದೀತೇ ಹೊರತು ಪ್ರತಿಯೊಬ್ಬರ ತಪ್ಪಿಗೂ ಅಲ್ಲ. ಕೋಲಿನಂತೆ ಸೆಟೆದು ನಿಂತವನಿಗೆ ‘ಮೊಣಕಾಲು ಬಗ್ಗಿಸು’ ಎಂಬುದು ಸರಿಯಾದ ಮದ್ದು. ಆಗಲೇ ಕುರ್ಚಿಯಂತೆ ಕೂತವಳಿಗೆ ಅದೇ ಮದ್ದು ರೋಗ ಹೆಚ್ಚಿಸುತ್ತದೆ.

ಮಾತು ಯಾವುದರ ಕಡೆ ಬೆರಳು ತೋರಿಸಬೇಕು ಎಂಬುದನ್ನು ವಿಜ್ಞಾನಿಗಳೂ ಪರೀಕ್ಷಿಸಿದ್ದಾರೆ. ಗೇಬ್ರಿಯೆಲ್ ವುಲ್ಫ್ ಎಂಬ ಸಂಶೋಧಕಿ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸ್ಕೀಯಿಂಗಿನಂತೆಯೇ ಅತ್ತಿತ್ತ ಜಾರುವ ಯಂತ್ರದ ಮೇಲೆ ನಡೆಯಿತು. ಒಂದು ಗುಂಪಿಗೆ ‘ಹೊರಗಿನ ಕಾಲಿನಿಂದ ಒತ್ತಿ’ ಎಂದರು. ಇನ್ನೊಂದಕ್ಕೆ ‘ಕಾಲಡಿಯ ಹೊರಗಿನ ಗಾಲಿಗಳನ್ನು ಒತ್ತಿ’ ಎಂದರು. ಮೂರನೆಯದಕ್ಕೆ ಏನೂ ಹೇಳಲಿಲ್ಲ. ಗಾಲಿ ಇದ್ದದ್ದು ಕಾಲಿನ ಕೆಳಗೇ, ಮಾಡಬೇಕಾದ ಕೆಲಸವೂ ಒಂದೇ. ಆದರೂ ಗಾಲಿಯ ಮೇಲೆ ಗಮನವಿಟ್ಟವರು ಚೆನ್ನಾಗಿ ಕಲಿತರು. ಕಾಲಿನ ಮೇಲೆ ಗಮನವಿಟ್ಟವರು ಏನೂ ಹೇಳಿಸಿಕೊಳ್ಳದವರಿಗಿಂತ ಮೇಲಾಗಲಿಲ್ಲ. ತನ್ನ ಅಂಗಾಂಗವನ್ನೇ ಕಾಯುತ್ತ ಕೂತರೆ ಮೈ ಬಿಗಿಯುತ್ತದೆ. ಹೊರಗೆ ಆಗಬೇಕಾದ ಕೆಲಸದ ಮೇಲೆ ಕಣ್ಣಿಟ್ಟರೆ ಮೈ ತನ್ನ ದಾರಿ ತಾನೇ ಹುಡುಕುತ್ತದೆ ಎಂಬುದು ಅವರ ವಿವರಣೆಯ ಸಾರ. ನನ್ನ ಮಗಳಿಗೆ ಮೊಣಕಾಲಿನ ಬದಲು ಬೂಟಿನ ನಾಲಿಗೆ ಒದಗಿ ಬಂದದ್ದೂ ಬಹುಶಃ ಇದೇ ಬಗೆಯದು.

ಪುಸ್ತಕದ ಮುಂದೆಯೂ ಇದೇ

ವಿದ್ಯಾರ್ಥಿಗಳಿಗೆ ಇದರಿಂದ ಸಿಗುವುದು ಒಂದು ಪ್ರಶ್ನೆ: ‘ಸರಿಯಾದಾಗ ನನಗೆ ಎಲ್ಲಿ, ಹೇಗೆ ಗೊತ್ತಾಗುತ್ತದೆ?’ ‘ನನಗೆ ಅರ್ಥವಾಗಲಿಲ್ಲ’ ಎಂದರೆ ಕಲಿಸುವವರು ಅದೇ ಮಾತನ್ನು ಇನ್ನಷ್ಟು ಜೋರಾಗಿ ಹೇಳುವುದೇ ಹೆಚ್ಚು. ಈ ಪ್ರಶ್ನೆ ಕೇಳಿದರೆ ಅವರು ತಮ್ಮ ಅನುಭವದೊಳಗೆ ಒಮ್ಮೆ ಇಳಿದು ಬೇರೆ ಮಾತು ಹುಡುಕಬೇಕಾಗುತ್ತದೆ. ಊರಿಗೆ ಬಂದ ಮೇಲೆ ರಸಾಯನಶಾಸ್ತ್ರದ ತರಗತಿಯಲ್ಲಿ ‘ಅಣುವಿನ ಆಕಾರ ಕಲ್ಪಿಸಿಕೊಳ್ಳಿ’ ಎಂದಾಗ ಮಗಳು ಎದ್ದು ನಿಂತು, ‘ಸರಿಯಾಗಿ ಕಲ್ಪಿಸಿಕೊಂಡಿದ್ದರೆ ಯಾವ ಪ್ರಶ್ನೆಗೆ ಉತ್ತರ ಹೇಳಲು ಬರಬೇಕು ಸರ್?’ ಎಂದು ಕೇಳಿದಳಂತೆ. ಅಧ್ಯಾಪಕರು ಬಳಪ ಕೆಳಗಿಟ್ಟು, ಜೇಡಿಮಣ್ಣಿನ ಉಂಡೆಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ತೋರಿಸಿದರಂತೆ. ಪ್ರಶ್ನೆ ಕೇಳಿದ್ದು ಒಬ್ಬಳು, ಉಪಕಾರವಾದದ್ದು ಇಡೀ ತರಗತಿಗೆ.

ಎಲ್ಲ ಕಲಿಕೆಯೂ ಒಂದು ಪ್ರಶ್ನೆಯಿಂದ ಸಲೀಸಾಗುತ್ತದೆ ಎಂದು ನಾನು ಹೇಳುವುದಿಲ್ಲ. ಏಳನೇ ದಿನವೂ ಮಗಳು ಬಿದ್ದಳು, ನಾನಂತೂ ಲೆಕ್ಕವಿಲ್ಲದಷ್ಟು ಸಲ ಬಿದ್ದೆ. ಅಭ್ಯಾಸಕ್ಕೆ ಬದಲಿಯಿಲ್ಲ. ಹಿಮದ ಸುಳಿವೇ ಇಲ್ಲದ ಕೊಡಗಿನಿಂದ ಹೊರಟು, ಕ್ರಾಸ್ ಕಂಟ್ರಿ ಸ್ಕೀಯಿಂಗಿನಲ್ಲಿ ಭಾರತವನ್ನು ಪ್ರತಿನಿಧಿಸುವವರೆಗೆ ಬೆಳೆದ ಭವಾನಿ ತೆಕ್ಕಡ ನಂಜುಂಡ ಅವರಂಥವರ ಹಿಂದೆ ಎಷ್ಟು ವರ್ಷಗಳ ದುಡಿಮೆ ಇರಬೇಕೆಂದು ಏಳು ದಿನ ಬಿದ್ದೆದ್ದ ಮೇಲೆ ನಮಗೆ ಚೆನ್ನಾಗಿಯೇ ಅರಿವಾಯಿತು. ಆದರೆ ದಾರಿ ತಪ್ಪಿ ಮಾಡಿದ ಅಭ್ಯಾಸ ತಪ್ಪನ್ನೇ ಗಟ್ಟಿಮಾಡುತ್ತದೆ. ಅದಕ್ಕೇ ಮಾತಿನ ಅರ್ಥ ಮೊದಲು ಸಿಗಬೇಕು.

ಇನ್ನು ತಂದೆ ತಾಯಿಯರಿಗೆ ಒಂದು ಮಾತು. ಮಗು ಪುಸ್ತಕದ ಮುಂದೆ ಬಿಗಿಯಾಗಿ ಕೂತು, ಕಣ್ಣು ಕಿರಿದು ಮಾಡಿ, ಅಕ್ಷರಗಳನ್ನೇ ದಿಟ್ಟಿಸುತ್ತಿದ್ದರೆ ಅದು ನಿಮ್ಮ ಮಾತನ್ನು ಪಾಲಿಸುತ್ತಲೇ ಇರಬಹುದು. ಮನಸ್ಸಿಡುವುದೆಂದರೆ ಹಾಗೆ ಕೂರುವುದೆಂದೇ ಅದು ತಿಳಿದಿರಬಹುದು. ಆಗ ‘ಮನಸ್ಸಿಟ್ಟು ಓದು’ ಎಂದು ಇನ್ನೊಮ್ಮೆ ಕೂಗುವುದರ ಬದಲು ಪಕ್ಕದಲ್ಲಿ ಕೂತು, ‘ಈ ಪುಟ ಮುಗಿದ ಮೇಲೆ ಪುಸ್ತಕ ಮುಚ್ಚಿ ಇದರಲ್ಲಿ ಏನಿತ್ತು ಅಂತ ನನಗೆ ಹೇಳು’ ಎನ್ನಿ. ಎಲ್ಲಿ ತಡವರಿಸಿದೆ ಎಂಬುದು ಮಗುವಿಗೂ ತಿಳಿಯುತ್ತದೆ, ನಿಮಗೂ ತಿಳಿಯುತ್ತದೆ. ಹೇಳಿದ ಮಾತು ಫಲಿಸದಿದ್ದಾಗ ಮಗುವನ್ನು ಬದಲಿಸಲು ಹೊರಡುವ ಮುನ್ನ ಮಾತನ್ನು ಒಮ್ಮೆ ಬದಲಿಸಿ ನೋಡುವುದರಲ್ಲಿ ಖರ್ಚೇನೂ ಇಲ್ಲವಲ್ಲ!